ಗೋಡೆಯಾಚೆಯ ಪಿಟೀಲು

ಮೊದಲೇ ಹೇಳಿಬಿಡ್ತೀನಿ, ನನಗೆ ಸಂಗೀತದ ಗಂಧಗಾಳಿ ಇಲ್ಲ. ನನಗೆ ಬೇಕಾಗಿರೋದು ಸದ್ದಿಲ್ಲದ ಒಂದು ಜಾಗ, ಅಷ್ಟೆ. ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯೋ ವಿಭಾಗದಲ್ಲಿ ನನ್ನ ಕೆಲಸ. ಹಾಸಿಗೆಯ ಮೇಲುಹಾಸು, ಹೊದಿಕೆ, ಆಪರೇಷನ್ ಕೋಣೆಯ ಹಸಿರು ಅಂಗಿ, ಎಲ್ಲ ಮೇಲಿನ ಮಹಡಿಗಳಿಂದ ಕೊಳವೆಯಲ್ಲಿ ದಬದಬ ಅಂತ ಬೀಳ್ತಾ ಇರ್ತವೆ. ಒಗೆಯೋ ಮಷೀನು ಗುಡುಗುತ್ತೆ, ಒಣಗಿಸೋ ಮಷೀನು ಊಳಿಡುತ್ತೆ, ಇಸ್ತ್ರಿಯ ರೋಲರು ಬುಸುಗುಡುತ್ತೆ. ನಾವು ಒಬ್ಬರಿಗೊಬ್ಬರು ಮಾತಾಡೋದೇ ಕೈಸನ್ನೆಯಲ್ಲಿ. ಸಂಜೆ ಹೊರಗೆ ಬಂದರೂ ಆ ಮಷೀನು ಕಿವಿಯೊಳಗೇ ಕೂತಿರುತ್ತೆ. ಬಸ್ಸಿನಲ್ಲೂ ಬರುತ್ತೆ, ಮೆಟ್ಟಿಲೂ ಹತ್ತುತ್ತೆ. ನಮ್ಮ ಮನೆಯ ಬಲಗಡೆಯ ನನ್ನ ರೂಮಿಗೆ ಬಂದು, ಬಾಗಿಲು ಹಾಕಿಕೊಂಡು, ಮಂಚದ ಮೇಲೆ ಅಂಗಾತ ಬಿದ್ದುಕೊಂಡ ಮೇಲೇ ಅದು ನನ್ನನ್ನು ಬಿಟ್ಟುಹೋಗೋದು. ಆ ರೂಮಿನ ಕಿಟಕಿ ತೆರೆದರೆ ಎದುರಿಗೆ ಇನ್ನೊಂದು ಕಟ್ಟಡದ ಗೋಡೆ. ಬೆಳಕಿಲ್ಲ, ಗಾಳಿ ಅಷ್ಟಕ್ಕಷ್ಟೆ. ಆದರೆ ಸದ್ದಿಲ್ಲ. ಈ ಪ್ರಪಂಚದಲ್ಲಿ ನನ್ನದು ಅಂತ ಏನಾದರೂ ಇದ್ದರೆ ಅದೊಂದೇ.

ಅಮ್ಮನ ಕಥೆ ಬೇರೆ. ಅಮ್ಮ ಕೆಳಗಿನ ಬೀದಿಯ ಟೈಲರ್ ಅಂಗಡಿಗೆ ಕೈಹೊಲಿಗೆ ಮಾಡಿಕೊಡೋಳು. ಕಾಜ ಹಾಕೋದು, ಗುಂಡಿ ಹೊಲಿಯೋದು, ಅಂಚು ಮಡಚಿ ಹೆಮ್ಮಿಂಗ್ ಮಾಡೋದು. ಮುಂದಿನ ರೂಮಿನಲ್ಲಿ ಎಡಗಡೆಯ ಗೋಡೆಗೆ ಕುರ್ಚಿ ಒತ್ತಿ, ಗೋಡೆಗೆ ಬೆನ್ನು ಕೊಟ್ಟು ಕೂತಳು ಅಂದರೆ ಮುಗೀತು, ಅಲ್ಲಾಡಿಸಿದರೂ ಏಳೋಳಲ್ಲ. ಯಾಕೆ ಅಂದರೆ ಆ ಗೋಡೆಯ ಆ ಕಡೆ ಪಿಟೀಲು ಮೇಷ್ಟ್ರ ಮನೆ. ಸಂಜೆ ಪಾಠದ ಮಕ್ಕಳೆಲ್ಲ ಹೋದ ಮೇಲೆ ಅವರು ತಮಗೋಸ್ಕರ ನುಡಿಸ್ಕೊಳ್ಳೋರು. ಶಾಸ್ತ್ರೀಯ ಸಂಗೀತ. ಶುರು ಮಾಡೋ ಮುಂಚೆ ಒಂದು ಸಲ ಕೆಮ್ಮೋರು. ಅದು ಶೀತದ ಕೆಮ್ಮಲ್ಲ, ಬಾಗಿಲು ತಟ್ಟಿದ ಹಾಗಿನ ಕೆಮ್ಮು. ಆ ಕೆಮ್ಮು ಕೇಳಿಸಿದ ಕೂಡಲೇ ಅಮ್ಮ ಸೂಜಿಗೆ ದಾರ ಪೋಣಿಸೋಳು.

ಇನ್ನೊಂದು ಪದ್ಧತಿ ಇತ್ತು ಅವರಿಬ್ಬರ ಮಧ್ಯೆ. ಮೇಷ್ಟ್ರು ನುಡಿಸಿ ಮುಗಿಸಿದಾಗ ಅಮ್ಮನಿಗೆ ಅದು ತುಂಬಾ ಹಿಡಿಸಿದ್ದರೆ, ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕಿಕೊಳ್ಳೋ ಹಿತ್ತಾಳೆ ಟೊಪ್ಪಿಯಿಂದ ಗೋಡೆಗೆ ಎರಡು ಸಲ ಬಡಿಯೋಳು. ಟಿಕ್, ಟಿಕ್. ಇನ್ನೊಂದು ಸಲ ಅಂತ. ಆ ಕಡೆಯಿಂದ ಕೆಮ್ಮು ಬರೋದು, ಮತ್ತೆ ಮೊದಲಿಂದ ಶುರುವಾಗೋದು. ಇಷ್ಟು ವರ್ಷದಲ್ಲಿ ಅಮ್ಮ ಅವರ ಮನೆಯ ಹೊಸಿಲು ದಾಟಿದೋಳಲ್ಲ, ಅವರೂ ನಮ್ಮನೆಗೆ ಬಂದೋರಲ್ಲ. ಮೆಟ್ಟಿಲ ಮೇಲೆ ಸಿಕ್ಕರೆ "ಚೆನ್ನಾಗಿದ್ದೀರಾ?" "ಹೂಂ, ನೀವು?" ಅಷ್ಟೆ. ಇಬ್ಬರೂ ನೆಲ ನೋಡ್ಕೊಂಡು ಹೋಗಿಬಿಡೋರು. ಅಕ್ಕ ಆಗಾಗ "ಏನಮ್ಮಾ, ನಿನ್ನ ಮೇಷ್ಟ್ರು ಹೇಗಿದ್ದಾರೆ?" ಅಂತ ರೇಗಿಸಿದರೆ ಅಮ್ಮ "ಥೂ, ಹೋಗೇ" ಅಂತ ಸುಮ್ಮನಾಗೋಳು.

ಮೇಷ್ಟ್ರು ಹೋಗಿಬಿಟ್ಟರು. ಎದೆನೋವು ಅಂತ ಆಸ್ಪತ್ರೆ ಸೇರಿದವರು ವಾಪಸು ಬರಲಿಲ್ಲ. ನಮ್ಮದೇ ಆಸ್ಪತ್ರೆ. ಅವರು ಮಲಗಿದ್ದ ಮಂಚದ ಮೇಲುಹಾಸೂ ನನ್ನ ಕೈಮೇಲೆಯೇ ಹೋಗಿರುತ್ತೆ, ಯಾವುದು ಅಂತ ಹೇಗೆ ಗೊತ್ತಾಗಬೇಕು? ಅವರ ಅಣ್ಣನ ಮಗ ಬಂದು ಮನೆ ಖಾಲಿ ಮಾಡಿಸಿದ. ಪಿಟೀಲಿನ ಪೆಟ್ಟಿಗೆ ಮೆಟ್ಟಿಲಿಳಿಯುವಾಗ ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಆ ಮನೆಗೆ ಗಂಡ ಹೆಂಡತಿ ಇಬ್ಬರು ಬಂದರು. ಪಾಪ, ಬಹಳ ಸಾಧು ಜನ. ಪಿಟ್ ಅನ್ನಲ್ಲ, ಪಿಟಕ್ ಅನ್ನಲ್ಲ.

ಅಮ್ಮ ಸೂಜಿ ಕೆಳಗಿಟ್ಟಳು. ಹಿತ್ತಾಳೆ ಟೊಪ್ಪಿ ಗುಂಡಿ ಡಬ್ಬದೊಳಗೆ ಸೇರಿತು, ಡಬ್ಬದ ಮುಚ್ಚಳ ಬಿತ್ತು. ಟೈಲರ್ ಎರಡು ಸಲ ಬಟ್ಟೆ ಕಳಿಸಿದ, ಎರಡು ಸಲವೂ ಹಾಗೇ ವಾಪಸು ಹೋಯಿತು. "ಕಣ್ಣು ಕಾಣಲ್ಲ ಕಣೇ" ಅಂದಳು. ಅಕ್ಕಿಯಲ್ಲಿ ಸಾಸಿವೆಯಷ್ಟು ಕಲ್ಲಿದ್ದರೂ ಹೆಕ್ಕಿ ತೆಗೆಯೋಳಿಗೆ ಸೂಜಿಯ ಕಣ್ಣು ಕಾಣಲ್ವಂತೆ! ಯಾರ ಕಿವಿಗೆ ಹೂ ಇಡ್ತಾಳೆ? ಊಟಕ್ಕೆ ಕರೆದರೆ ಬರೋಳು, ತಟ್ಟೆಯಲ್ಲಿ ಬೆರಳಾಡಿಸಿ ಏಳೋಳು. ಸಂಜೆ ನಾನು ಬಂದಾಗ ಅದೇ ಕುರ್ಚಿಯಲ್ಲಿ, ಕೈ ಮಡಿಲಲ್ಲಿಟ್ಟುಕೊಂಡು, ತಲೆ ಗೋಡೆಗೆ ಆನಿಸಿ ಕೂತಿರೋಳು. ದೀಪ ಕೂಡ ಹಾಕಿರುತ್ತಿರಲಿಲ್ಲ. ಪಕ್ಕದಲ್ಲಿ ಕೂರೋ ಶಕ್ತಿ ನನಗೆ ಇರುತ್ತಿರಲಿಲ್ಲ. ದೀಪ ಹಾಕಿ, ಕಾಫಿ ಮಾಡಿಕೊಟ್ಟು, ಒಳಗೆ ಹೋಗಿ ಬಿದ್ದುಕೊಳ್ತಿದ್ದೆ.

ಒಂದು ಸ್ಟೀರಿಯೋ ತಂದುಬಿಡೋಣ ಅಂತ ನನಗೇ ಹೊಳೆಯಿತು. ಅಮ್ಮ ಮತ್ತೆ ಸೂಜಿ ಹಿಡಿದರೆ ಸಾಕು ನನಗೆ, ಬೇರೇನೂ ಬೇಡ. ನಮ್ಮನೆಯಲ್ಲಿ ಇದುವರೆಗೆ ಹಾಡೋ ವಸ್ತು ಅಂತ ಬಂದಿದ್ದು ಗೊರಗೊರ ಅನ್ನೋ ರೇಡಿಯೋ ಒಂದೇ. ಕೈಯಲ್ಲಿರೋ ದುಡ್ಡಿಗೆ ಏನು ಬರುತ್ತೆ, ಏನು ಬರಲ್ಲ, ಒಂದೂ ಗೊತ್ತಿಲ್ಲ. ಅಕ್ಕನ ಹತ್ತಿರ ಬಾಯಿ ಬಿಟ್ಟೆ. ಅದೇ ತಪ್ಪಾಯಿತು ನೋಡಿ, ಮಾರನೇ ದಿನವೇ ಭಾವ ಹಾಜರು.

ನಮ್ಮ ಭಾವ ಲಾರಿಗಳಿಗೆ ಟಾರ್ಪಾಲು ಮಾರೋರು. ಆದರೆ ಅವರಿಗೆ ಗೊತ್ತಿಲ್ಲದ ವಿಷಯ ಅಂತ ಇನ್ನೂ ಹುಟ್ಟಿಲ್ಲ. "ನಾದಿನೀ, ಸ್ಟೀರಿಯೋ ಅಂದರೆ ಬೇಸ್, ಆ ಧಂ ಧಂ ಸದ್ದು. ಬೇಸ್ ಇಲ್ಲದಿದ್ದರೆ ಅದು ಸ್ಟೀರಿಯೋನೇ ಅಲ್ಲ, ತಗಡಿನ ಡಬ್ಬ. ಎದೆಗೆ ಬಂದು ಹೊಡೀಬೇಕು" ಅಂದರು.

"ಅಮ್ಮನಿಗೆ ಎದೆಗೆ ಹೊಡೆಸ್ಕೊಳ್ಳೋ ವಯಸ್ಸಲ್ಲ ಭಾವ" ಅಂದೆ.

"ನೀನು ಸುಮ್ಮನಿರು, ನಾನಿದ್ದೀನಲ್ಲ" ಅಂದರು. ಅವರು ಇದ್ದೀನಲ್ಲ ಅಂದಾಗಲೇ ನನಗೆ ಭಯ.

ಅಂಗಡಿ ಒಂದು ಹಳೇ ಕಾಂಪ್ಲೆಕ್ಸಿನ ಒಳಗೆ, ಬೀಗದ ಅಂಗಡಿಯ ಪಕ್ಕದಲ್ಲಿತ್ತು. ಹೊಸದೂ ಇಡ್ತಾನೆ, ಒಬ್ಬರು ಬಳಸಿದ್ದನ್ನೂ ಇಡ್ತಾನೆ. ಅಂಗಡಿಯವನು ಕನ್ನಡಕ ಹಣೆ ಮೇಲೆ ಏರಿಸಿಕೊಂಡು ಕೂತಿದ್ದ, ನನಗಿಂತ ಸುಸ್ತಾದ ಮುಖ. ಹಿಂದಿನ ಕೋಣೆಯಲ್ಲಿ ನಟ್ಟನಡುವೆ ಒಂದೇ ಒಂದು ಕುರ್ಚಿ. ಕಾಲುಗಳ ಸುತ್ತ ನೆಲಕ್ಕೆ ಬಣ್ಣದ ಟೇಪು ಅಂಟಿಸಿದ್ದಾನೆ. "ಕುರ್ಚಿ ಜರುಗಿಸಬೇಡಿ ಮೇಡಂ. ಸರಿಯಾಗಿ ಕೇಳಿಸೋದು ಅಲ್ಲೇ. ಒಂದು ಗೇಣು ಆಚೀಚೆ ಆದರೂ ಕೆಟ್ಟುಹೋಗುತ್ತೆ" ಅಂದ. ಕೂತೆ. ಅದು ಹಾಕಿದ, ಇದು ಹಾಕಿದ. ನನಗೆ ಎಲ್ಲ ಒಂದೇ. ನಿಜ ಹೇಳಬೇಕೆಂದರೆ ಆ ಕುರ್ಚಿಯಲ್ಲಿ ನಿದ್ದೆ ತೂಗ್ತಿತ್ತು.

"ಶಾಸ್ತ್ರೀಯಕ್ಕೆ, ಅದರಲ್ಲೂ ಬರೀ ಪಿಟೀಲಿಗೆ ಅಂದರೆ, ಈ ಬಜೆಟ್ಟಿನಲ್ಲಿ ಇದು ಸಾಕು" ಅಂತ ಶೆಲ್ಫಿನ ಮೇಲಿದ್ದ ಎರಡು ಪುಟ್ಟ ಹಳೇ ಸ್ಪೀಕರು ತೋರಿಸಿದ. ಜೊತೆಗೆ ಒಂದು ಆಂಪ್ಲಿಫಯರು, ಸಿ.ಡಿ. ಹಾಕೋ ಪೆಟ್ಟಿಗೆ. "ರಿಮೋಟು ಕಳೆದುಹೋಗಿದೆ, ಅದಕ್ಕೇ ಅಗ್ಗ."

ಭಾವ ಆ ಸ್ಪೀಕರನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ ನಕ್ಕರು. "ಇದೇನ್ರೀ, ಬೂಟಿನ ಡಬ್ಬದಷ್ಟಿದೆ! ರಿಮೋಟೂ ಇಲ್ಲ! ನಮ್ಮತ್ತೆ ಪ್ರತಿ ಸಲ ಎದ್ದು ಹೋಗಿ ಒತ್ತಬೇಕಾ?" ಅಂತ ಮೂಲೆಯಲ್ಲಿದ್ದ, ಸೊಂಟದೆತ್ತರದ, ಹಾಡಿದಾಗ ನೀಲಿ ದೀಪ ಮಿನುಗೋ ಹೊಸ ಸೆಟ್ಟನ್ನೇ ಕಟ್ಟಿಸಿದರು. ಅಂಗಡಿಯವನು ನನ್ನ ಮುಖ ನೋಡಿದ. ನನಗೆ ವಾದ ಮಾಡೋ ತ್ರಾಣ ಇರಲಿಲ್ಲ. "ಹಿಡಿಸದಿದ್ದರೆ ವಾರದೊಳಗೆ ತನ್ನಿ, ಬದಲಾಯಿಸಿಕೊಡ್ತೀನಿ" ಅಂದ, ಮೊದಲೇ ಗೊತ್ತಿದ್ದವನ ಹಾಗೆ.

ಮನೆಗೆ ತಂದು ಭಾವನೇ ಅಮ್ಮನ ಕುರ್ಚಿಯ ಎದುರಿಗೆ ನಿಲ್ಲಿಸಿದರು. ಪಿಟೀಲಿನ ಸಿ.ಡಿ. ಹಾಕಿದರು. ಅಬ್ಬಬ್ಬಾ! ಪಿಟೀಲು ನುಡೀತಿದೆಯೋ ಯಾರಾದರೂ ಬೀರು ಎಳೀತಿದ್ದಾರೋ ಅನ್ನಿಸಿತು. ಅಡುಗೆಮನೆಯ ಸ್ಟೀಲು ತಟ್ಟೆಗಳು ಝಲ್ ಅಂದವು. ನೀಲಿ ದೀಪ ಅಮ್ಮನ ಸೀರೆ ಮೇಲೆಲ್ಲ ಓಡಾಡಿತು. ಅಮ್ಮ ಸಾಹೇಬರ ಮುಂದೆ ಕೂತೋಳ ಹಾಗೆ ಸೆರಗು ಹೊದ್ದು, ಮಂಡಿ ಜೋಡಿಸಿಕೊಂಡು ಕೂತಿದ್ದಳು.

"ಹೇಗಿದೆ ಅತ್ತೆ?" ಅಂತ ಭಾವ ಕೂಗಿ ಕೇಳಿದರು.

"ಚೆನ್ನಾಗಿದೆಯಪ್ಪ" ಅಂದಳು ಅಮ್ಮ. "ಎಷ್ಟು ಹೊತ್ತು ಇರುತ್ತೆ?"

ಭಾವ ಹೋದ ಮೇಲೆ ಅದರ ಮೇಲೆ ಒಂದು ದುಪ್ಪಟಿ ಹೊದಿಸಿದಳು. ಮಾರನೇ ಸಂಜೆ ಬಂದು ನೋಡ್ತೀನಿ, ದುಪ್ಪಟಿ ಹಾಗೇ ಇದೆ. ಅದರ ಮಾರನೇ ಸಂಜೆಯೂ ಹಾಗೇ. ಅಮ್ಮ ಗೋಡೆಗೆ ತಲೆ ಆನಿಸಿಕೊಂಡು ಕೂತಿದ್ದಾಳೆ, ಗುಂಡಿ ಡಬ್ಬ ಮುಚ್ಚಿದ ಹಾಗೇ ಇದೆ. ನನ್ನ ಪಿತ್ತ ನೆತ್ತಿಗೇರಿತು.

"ಅಲ್ಲಮ್ಮಾ, ನಾನೇನು ಮಷೀನಾ? ಇಡೀ ದಿನ ಅಲ್ಲಿ ಸತ್ತು, ಇಲ್ಲಿ ಬಂದು ನಿನ್ನ ಈ ಮುಖ ನೋಡಬೇಕಾ? ಪಿಟೀಲು ಇಲ್ಲ ಅಂತ ತಾನೇ ಹೀಗೆ ಕೂತಿದ್ದೆ, ಪಿಟೀಲು ತಂದಿದ್ದೀನಿ. ಇನ್ನೇನು ಮಾಡಲಿ ಹೇಳು!"

ಅಮ್ಮ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. "ಬೇಜಾರು ಮಾಡ್ಕೋಬೇಡ ಕಣೇ. ಅದು ಎದುರಿಗೆ ಬಂದು ಕೂತು ನುಡಿಸಿದ ಹಾಗಿದೆ. ನಾನು ಎಲ್ಲಿ ನೋಡಬೇಕು ಅಂತಲೇ ತಿಳಿಯಲ್ಲ. ಅವರು ಮುಖಕ್ಕೆ ಮುಖ ಕೊಟ್ಟು ಯಾವತ್ತು ನುಡಿಸಿದ್ರು?"

ವಾರದ ರಜೆಯ ದಿನ ಅಮ್ಮನನ್ನೂ ಭಾವನ ಸೆಟ್ಟಿನ ಡಬ್ಬವನ್ನೂ ಬಸ್ಸಿಗೆ ಹತ್ತಿಸಿಕೊಂಡು ಅಂಗಡಿಗೆ ಹೋದೆ. ಕಂಡಕ್ಟರು ಡಬ್ಬಕ್ಕೂ ಟಿಕೆಟ್ಟು ಹರಿದ. ರಜೆ ಇರೋದೇ ಒಂದು ದಿನ. ಆ ದಿನ ನಾನು ಮಧ್ಯಾಹ್ನದವರೆಗೆ ಏಳೋಳಲ್ಲ. ದಾರಿಯುದ್ದಕ್ಕೂ ಭಾವನನ್ನ, ಮೇಷ್ಟ್ರನ್ನ, ಸ್ಟೀರಿಯೋ ಕಂಡುಹಿಡಿದವನನ್ನ, ಎಲ್ಲರನ್ನೂ ಮನಸ್ಸಲ್ಲೇ ಬೈಕೊಂಡೆ.

ಅಂಗಡಿಯವನು ಅಮ್ಮನನ್ನು ಆ ಟೇಪಿನ ಕುರ್ಚಿಯಲ್ಲಿ ಕೂರಿಸಿದ. "ಆರಾಮಾಗಿ ಕೂತ್ಕೊಳ್ಳಿ ಅಮ್ಮಾ." ಅಮ್ಮ ಒಂದು ನಿಮಿಷ ಕೂತಳು, ಎದ್ದಳು. ಕೋಣೆಯ ಗೋಡೆಯನ್ನು ಬೆರಳಲ್ಲಿ ತಟ್ಟಿ ನೋಡಿದಳು.

"ಈ ಕಡೆ ಏನಿದೆಯಪ್ಪಾ?"

"ಗೋಡೌನು ಅಮ್ಮಾ. ಬರೀ ಖಾಲಿ ಡಬ್ಬ, ಧೂಳು."

ಅಮ್ಮ ಸೀದಾ ಗೋಡೌನಿಗೆ ಹೋದಳು. ಒಂದು ಡಬ್ಬವನ್ನು ಗೋಡೆಗೆ ಒತ್ತಿ, ಅದರ ಮೇಲೆ ಕೂತು, ಗೋಡೆಗೆ ಬೆನ್ನು ಕೊಟ್ಟಳು. "ಬಾಗಿಲು ಹಾಕಿಬಿಡಿ. ಈಗ ಒಂದೊಂದೇ ಹಾಕಿ" ಅಂದಳು. ಅಂಗಡಿಯವನು ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ ನನ್ನ ನೋಡಿದ. "ಮತ್ತೆ ಈ ಕುರ್ಚಿ ಯಾವ ಭಾಗ್ಯಕ್ಕೆ ಇಟ್ಟಿದ್ದೀನಿ ನಾನು?" ಅಂದ. ನನಗೆ ನಾಚಿಕೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಹೇಳಿದೆ, "ಅವಳು ಹೇಳಿದ ಹಾಗೆ ಮಾಡಿ. ಅವಳು ಪಿಟೀಲು ಕೇಳಿರೋದೇ ಹಾಗೆ."

ಮೊದಲು ಭಾವನ ಸೆಟ್ಟು. ಗೋಡೌನಿನಿಂದ ಅಮ್ಮನ ದನಿ: "ಗೋಡೆ ಮಾತ್ರ ಗುಂಯ್ ಅಂತಿದೆ. ಪಿಟೀಲು ಎಲ್ಲಿ?" ಆಮೇಲೆ ಇನ್ನೊಂದು, ತೆಳ್ಳಗೆ ಉದ್ದುದ್ದದ್ದು. "ಇದು ಸೊಳ್ಳೆ." ಅಂಗಡಿಯವನಿಗೆ ಈಗ ಹುರುಪು ಬಂತು. ನಿದ್ದೆಗಣ್ಣು ಬಿಟ್ಟು ವೈರು ಬದಲಾಯಿಸ್ತಾನೆ, ಬಾಗಿಲ ಹತ್ತಿರ ಹೋಗಿ "ಈಗ ಅಮ್ಮಾ? ಈಗ?" ಅಂತಾನೆ. ಕೊನೆಗೆ ಆ ಬೂಟಿನ ಡಬ್ಬದಂಥ ಎರಡನ್ನು ಹಾಕಿದ. ನಿಧಾನದ್ದೊಂದು ನುಡಿಯೋಕೆ ಶುರುವಾಯಿತು. ಗೋಡೌನಿನಿಂದ ಸದ್ದಿಲ್ಲ. "ಅಮ್ಮಾ?" ಅಂದ. ಸದ್ದಿಲ್ಲ. ನಾನು ಓಡಿಹೋಗಿ ಬಾಗಿಲು ತೆಗೆದೆ.

ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಮಡಿಲಲ್ಲಿ ಎಡಗೈ ಏನನ್ನೋ ಹಿಡಿದ ಹಾಗೆ, ಬಲಗೈಯ ಬೆರಳೆರಡು ಜೋಡಿಕೊಂಡು ಮೇಲಕ್ಕೆ ಕೆಳಕ್ಕೆ ಆಡ್ತಿದ್ದವು. ಸೂಜಿಯಿಲ್ಲ, ದಾರವಿಲ್ಲ, ಬಟ್ಟೆಯಿಲ್ಲ. ಕಾಜ ಹಾಕ್ತಾ ಇದ್ದಳು.

"ಇದನ್ನೇ ಕಟ್ಟಿಬಿಡಿ" ಅಂದೆ ಅಂಗಡಿಯವನಿಗೆ. "ಪಿಟೀಲಿನ ಸಿ.ಡಿ. ಒಂದಷ್ಟಿವೆ, ಈಗ ಯಾರೂ ಕೇಳಲ್ಲ, ಇಟ್ಕೊಳ್ಳಿ" ಅಂತ ಅವನು ಅವನ್ನೂ ಚೀಲಕ್ಕೆ ಹಾಕಿದ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆಗೆ ಬಂತು. ಇದನ್ನು ಇಡೋದೆಲ್ಲಿ? ಎಡಗಡೆ ಗೋಡೆಯ ಆಚೆ ಬೇರೆಯವರ ಮನೆ, ಅವರ ಮನೆಗೆ ಹೋಗಿ ನಮ್ಮ ಸ್ಟೀರಿಯೋ ಇಟ್ಕೊಳ್ಳಿ ಅನ್ನೋಕಾಗುತ್ತಾ? ಮುಂದುಗಡೆ ಬೀದಿ. ಅಡುಗೆಮನೆಗೆ ಗೋಡೆಯೇ ಇಲ್ಲ, ಒಂದು ಪರದೆ. ಉಳಿದಿದ್ದು ಬಲಗಡೆಯ ಗೋಡೆ. ಅದರ ಆಚೆ ನನ್ನ ರೂಮು.

ಅಮ್ಮನಿಗೆ ಅದು ಅಂಗಡಿಯಲ್ಲೇ ಗೊತ್ತಾಗಿತ್ತು ಅಂತ ಕಾಣುತ್ತೆ. ಕಿಟಕಿಯಾಚೆ ನೋಡ್ತಾ ಇದ್ದಳು.

"ಹೀಗೆ ಮಾಡೋಣ" ಅಂದೆ. "ಬೆಳಗ್ಗೆ ನಾನು ಕೆಲಸಕ್ಕೆ ಹೋದ ಮೇಲೆ ನೀನೇ ಒಳಗೆ ಹೋಗಿ ಹಾಕಿ, ಬಾಗಿಲು ಮುಚ್ಚಿ, ಬಂದು ಕೂತ್ಕೋ. ಸಂಜೆ ನಾನು ಬರೋ ಹೊತ್ತಿಗೆ ನಿಲ್ಲಿಸಿಬಿಡು. ನನಗೂ ತೊಂದರೆ ಇಲ್ಲ, ನಿನಗೂ ಆಯಿತು."

ಅಮ್ಮ ಕಿಟಕಿಯಿಂದ ನನ್ನ ಕಡೆ ತಿರುಗಿದಳು. "ನಾನೇ ಹಾಕಿ, ನಾನೇ ಓಡಿಬಂದು ಕೂತ್ಕೊಂಡು ಕೇಳೋದಾ?" ಅಂದಳು. "ನನಗೇನು ರಾಗ ತಾಳ ಗೊತ್ತಾ ಕಣೇ? ಆ ಕಡೆ ಒಬ್ಬರು ಇದ್ದಾರೆ ಅನ್ನಿಸ್ತಿತ್ತು. ನಾನು ಇಲ್ಲಿದ್ದೀನಿ ಅಂತ ಅವರಿಗೂ ಗೊತ್ತಿತ್ತು. ಅಷ್ಟೆ."

"ಮನೆಯಲ್ಲಿ ನಾನಿಲ್ವೇನಮ್ಮಾ?"

"ಇರ್ತೀಯಲ್ಲ" ಅಂದಳು ಅಮ್ಮ. "ಮಲಗಿರ್ತೀಯ."

ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಬಸ್ಸು ತಡವಾಗಿದೆ ಅಂತ ಹೇಳಿದ ಹಾಗೆ ಹೇಳಿದಳು. ಚುಚ್ಚಿದ್ದರೆ ನಾನೂ ತಿರುಗಿ ಒಂದು ಬಿಸಾಕ್ತಿದ್ದೆ. ಸ್ಟಾಪು ಬರೋವರೆಗೆ ಡಬ್ಬವನ್ನು ತೊಡೆ ಮೇಲೆ ಗಟ್ಟಿಯಾಗಿ ಹಿಡ್ಕೊಂಡು ಕೂತೆ.

ಡಬ್ಬ ಬಾಗಿಲ ಪಕ್ಕದಲ್ಲಿ ಹಾಗೇ ಬಿದ್ದಿತ್ತು. ಅಮ್ಮ ಬಿಚ್ಚು ಅನ್ನಲಿಲ್ಲ, ನಾನು ಬಿಚ್ಚಲಿಲ್ಲ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅದಕ್ಕೆ ಎಡವುತ್ತಿದ್ದೆ. ರೂಮಿನ ಬಾಗಿಲು ಹಾಕಿಕೊಂಡು ಬಿದ್ದುಕೊಂಡರೆ ಮಷೀನಿನ ಸದ್ದು ಕಿವಿಯಿಂದ ಹೋಗ್ತಿತ್ತು, ನಿದ್ದೆ ಮಾತ್ರ ಬರ್ತಿರಲಿಲ್ಲ. ಗೋಡೆಯ ಆ ಕಡೆ ಅಮ್ಮ ಸುಮ್ಮನೆ ಕೂತಿದ್ದಾಳೆ ಅನ್ನೋದು ಗೊತ್ತಾಗ್ತಾ ಇತ್ತು. ಸುಮ್ಮನೆ ಕೂರೋದೂ ಕೇಳಿಸುತ್ತೆ ಅಂತ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಒಂದು ಸಂಜೆ ಆಸ್ಪತ್ರೆಯಲ್ಲಿ ನೀರು ಹಿಂಡೋ ಮಷೀನು ಕೆಟ್ಟು, ಹಾಸುಗಳನ್ನೆಲ್ಲ ನಾವೇ ಕೈಯಲ್ಲಿ ಹಿಂಡಿ ಹಾಕಿದ್ದೆವು. ಕೈ ಬಿದ್ದುಹೋಗಿತ್ತು, ಕಾಲು ಇತ್ತೋ ಇಲ್ಲವೋ. ಬಾಗಿಲು ತೆಗೆದೆ, ಎಡವಿದೆ, ಹೆಬ್ಬೆರಳಿಗೆ ಏಟು ಬಿತ್ತು. "ಹಾಳಾಗಿ ಹೋಗಲಿ!" ಅಂತ ಡಬ್ಬವನ್ನು ಎತ್ತಿ ನನ್ನ ರೂಮಿಗೆ ಒಯ್ದು ಕುಕ್ಕಿದೆ. ಕತ್ತರಿ ಹುಡುಕೋ ತಾಳ್ಮೆ ಇರಲಿಲ್ಲ, ಹಗ್ಗವನ್ನು ಹಲ್ಲಲ್ಲೇ ಕಿತ್ತೆ. ಮಂಚವನ್ನು ಮುಂದಿನ ರೂಮಿನ ಕಡೆಯ ಗೋಡೆಗುಂಟ ಹಿಂದಕ್ಕೆ ತಳ್ಳಿ, ಖಾಲಿಯಾದ ಜಾಗದಲ್ಲಿ ಎರಡು ಸ್ಟೂಲಿನ ಮೇಲೆ ಎರಡು ಸ್ಪೀಕರು, ಮಧ್ಯದ ಸ್ಟೂಲಿನ ಮೇಲೆ ಸಿ.ಡಿ. ಪೆಟ್ಟಿಗೆ ಇಟ್ಟೆ. ಅಂಗಡಿಯವನು ಹೇಳಿಕೊಟ್ಟ ಹಾಗೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ವೈರು ಸೇರಿಸಿದೆ. ಆಮೇಲೆ ಮುಂದಿನ ರೂಮಿಗೆ ಬಂದು "ಏಳಮ್ಮಾ" ಅಂದೆ. ಅಮ್ಮ ಎದ್ದಳು. ಕುರ್ಚಿಯನ್ನು ಎಡಗಡೆಯಿಂದ ಎಳೆದು ಬಲಗಡೆ ಗೋಡೆಗೆ ಒತ್ತಿದೆ. ಗುಂಡಿ ಡಬ್ಬವನ್ನು ಪಕ್ಕದಲ್ಲಿ ಟಪ್ ಅಂತ ಇಟ್ಟೆ. ಅಮ್ಮನ ಮುಖ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡ್ತಿದ್ದೆ.

ಒಳಗೆ ಬಂದು ಬಾಗಿಲು ಹಾಕಿ, ಕೈಗೆ ಸಿಕ್ಕ ಸಿ.ಡಿ. ಹಾಕಿ, ಗುಂಡಿ ಒತ್ತಿ, ಚಪ್ಪಲಿ ಸಮೇತ ಮಂಚಕ್ಕೆ ಬಿದ್ದೆ.

ಪಿಟೀಲು ಶುರುವಾಯಿತು. ನನ್ನ ಮೌನಕ್ಕೆ ಬೆಂಕಿ ಬಿತ್ತು ಅಂದುಕೊಂಡೆ. ಕಿವಿಯಲ್ಲಿ ಒಣಗಿಸೋ ಮಷೀನು ಊಳಿಡ್ತಾ ಇದೆ, ಹೊರಗಡೆ ಪಿಟೀಲು. ಎರಡೂ ಸೇರಿ ತಲೆ ಚಿಟ್ಟು ಹಿಡಿಯಿತು. ದಿಂಬು ಕಿವಿಗೊತ್ತಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಆ ಕಡೆ ಕಟಕ್ ಅಂತ ಸದ್ದಾಯಿತು. ಗುಂಡಿ ಡಬ್ಬದ ಮುಚ್ಚಳ. ದಿಂಬು ತೆಗೆದೆ. ಉಸಿರು ಬಿಗಿಹಿಡಿದು ಕೇಳಿದೆ, ಪಿಟೀಲನ್ನಲ್ಲ, ಅದರ ಹಿಂದಿನದನ್ನು. ಕತ್ತರಿ ಒಂದು ಸಲ ಕಚಕ್ ಅಂತು. ಮತ್ತೆ ಬರೀ ಪಿಟೀಲು. ಯಾವಾಗ ಮಷೀನು ಕಿವಿಯಿಂದ ಇಳಿದುಹೋಯಿತೋ ಗೊತ್ತಾಗಲಿಲ್ಲ.

ಮುಗಿಯಿತು. ಸಿ.ಡಿ. ತಿರುಗೋದು ನಿಂತಿತು. ಸದ್ಯ ಅಂದುಕೊಂಡು ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿದೆ. ರೆಪ್ಪೆ ಕೂಡಿಕೊಂಡಿದ್ದವು ಅಷ್ಟೆ, ನನ್ನ ತಲೆಯ ಪಕ್ಕದಲ್ಲೇ, ಗೋಡೆಯ ಆ ಕಡೆ, ಹಿತ್ತಾಳೆ ಬಡಿಯಿತು.

ಟಿಕ್, ಟಿಕ್.

ನಾನು ಅಲ್ಲಾಡಲಿಲ್ಲ. ಮೈಯೆಲ್ಲ ಸೀಸದ ಹಾಗೆ ಆಗಿತ್ತು. ದೇವರಾಣೆ ಹೇಳ್ತೀನಿ, ಆಗೋದಿಲ್ಲ ಅಂತಲೇ ಅಂದುಕೊಂಡೆ. ಮಲಗಿದ್ದಾಳೆ ಅಂದುಕೊಳ್ಳಲಿ ಬಿಡು. ಆ ಕಡೆ ಅಮ್ಮ ಇನ್ನೊಂದು ಸಲ ಬಡಿಯಲಿಲ್ಲ. ಕಾಯ್ತಾ ಇದ್ದಳು.

ಎದ್ದೆ. ಗೋಡೆ ಹಿಡ್ಕೊಂಡು ಸಿ.ಡಿ. ಪೆಟ್ಟಿಗೆಯವರೆಗೆ ಹೋದೆ. ಗುಂಡಿಯ ಮೇಲೆ ಬೆರಳಿಟ್ಟೆ, ಒತ್ತಲಿಲ್ಲ. ಮೊದಲು ಒಂದು ಸಲ ಕೆಮ್ಮಿದೆ.

ಆ ಕಡೆ ಕುರ್ಚಿ ಕಿರ್ ಅಂತು, ಅಮ್ಮ ಗೋಡೆಗೆ ಬೆನ್ನು ಕೊಟ್ಟಳು.